ಬ್ಯಾಸಗಿ ರಜಾದಾಗ ಡೋಲೋಮೈಟ್ಸ್: ವಯಸ್ಸಾದವರು, ಮಕ್ಕಳು ಕೂಡಿ ಹೋಗೂದಾದ್ರ ಹೆಂಗ ಹೊಂದಿಸೂದು?

ಉಣಕಲ್ ಕೆರಿ ದಂಡಿ, ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ಮುಂದಿನ ವರ್ಷ ಇಟಲಿಯ ಉತ್ತರಕ್ಕಿರೋ ಡೋಲೋಮೈಟ್ಸ್ ಗುಡ್ಡಗಳಿಗೆ ಹೋಗಿ ಬರೋ ವಿಚಾರ ಅದ. ನಾವು ನಾಲ್ಕು ಮಂದಿ: ನಾನು, ನಮ್ಮ ಮನಿಯವರು, 14 ವರ್ಷದ ಮಗಳು, 67 ವರ್ಷದ ನಮ್ಮ ಅತ್ತಿಯವರು. ನಾವು ಮೂರೂ ಮಂದಿ ದಿನಕ್ಕ 10-12 ಕಿಲೋಮೀಟರ್ ನಡೀತೀವಿ. ಅತ್ತಿಯವರು ಸಪಾಟ ಹಾದಿ ಇದ್ರ ಒಂದು ತಾಸು ಆರಾಮ ನಡೀತಾರ, ಏರು ಆಗಂಗಿಲ್ಲ. ಬಿ.ಪಿ. ಗುಳಗಿ ತಗೋತಾರ. ಎಲ್ಲಾರೂ ಶಾಕಾಹಾರಿ, ತತ್ತಿನೂ ತಿನ್ನಂಗಿಲ್ಲ.

ಈಗಿನ ಪ್ಲಾನ್ ಹಿಂಗದ. ಸಾಲಿ ರಜಾ ನೋಡ್ಕೊಂಡು ಮೇ ತಿಂಗಳ ಎರಡನೇ ವಾರ ಹೊರಡೂದು, ಒಟ್ಟು 12 ದಿವಸ. ಅಲ್ಟಾ ವಿಯಾ 1 ಅನ್ನೋ ಉದ್ದನ ಹಾದಿಯೊಳಗ ಮೂರ್ನಾಲ್ಕು ದಿನ ರಿಫ್ಯೂಜಿಯೊದಿಂದ (ಅಂದ್ರ ಗುಡ್ಡದ ಮ್ಯಾಲೆ ಊಟ, ವಸತಿ ಸಿಗೋ ಮನಿ) ರಿಫ್ಯೂಜಿಯೊಕ್ಕ ನಡಿಯೂದು, ಉಳಿದ ದಿವಸ ಕೆರಿ, ಕೇಬಲ್ ಕಾರು ನೋಡೂದು. ಇದು ಆಗೂ ಮಾತೇನು? ಎಲ್ಲೆ ಉಳಕೊಬೇಕು, ಏನೇನು ಮೊದಲ ಬುಕ್ ಮಾಡಬೇಕು, ಊಟದ್ದು ಹೆಂಗ, ತಿಳದವರು ಬಿಡಿಸಿ ಹೇಳ್ರಿ.

ಸಾಧನಕೇರಿ, ಧಾರವಾಡ

ಅಕ್ಕಾರ, ಮದ್ಲ ತಿಂಗಳಾ ಬದಲ ಮಾಡ್ರಿ, ಉಳಿದದ್ದೆಲ್ಲಾ ಆಮ್ಯಾಲೆ. ನಮ್ಮ ಸಾಲಿ ರಜಾ ಬಿಡೋ ಹೊತ್ತಿಗೆ ಅಲ್ಲಿ ಗುಡ್ಡದ ಮ್ಯಾಲೆ ಬ್ಯಾಸಗಿ ಬಂದಿರಂಗಿಲ್ಲ. ಮೇ ತಿಂಗಳದಾಗ 2,000 ಮೀಟರಿನ ಮ್ಯಾಲೆ, ಅದರಾಗೂ ಉತ್ತರಕ್ಕ ಮುಖ ಮಾಡಿದ ಇಳಿಜಾರಿನ ತುಂಬ ಹಿಮ ಇರ್ತದ. ಕೇಬಲ್ ಕಾರು ಬಹಳಷ್ಟು ಬಂದ್, ರಿಫ್ಯೂಜಿಯೊನೂ ಬಂದ್. ಅವು ಬಾಗಲಾ ತಗಿಯೂದು ಜೂನ್ 20ರ ಸುಮಾರು, ಮುಚ್ಚೂದು ಸೆಪ್ಟೆಂಬರ್ 20ರ ಆಚೀಚಿ. ದಸರಾ ರಜಾಕ್ಕ ಹೋದ್ರ ಲಾರ್ಚ್ ಗಿಡ ಬಂಗಾರದ ಬಣ್ಣಕ್ಕ ತಿರಗೂದು ನೋಡಲಿಕ್ಕ ಸಿಗ್ತದ, ಆದ್ರ ಮ್ಯಾಲೆ ಉಳಕೊಳ್ಳಿಕ್ಕ ಜಾಗಾ ಸಿಗಂಗಿಲ್ಲ. ಮಗಳಿಗೆ ಸಾಲಿಯಿಂದ ರಜಾ ಕೇಳಿ ಜೂನ್ ಕಡೀ ವಾರದಿಂದ ಜುಲೈ ಮೊದಲ ವಾರ, ಇಲ್ಲಂದ್ರ ಸೆಪ್ಟೆಂಬರಿನ ಮೊದಲ ಎರಡು ವಾರ ಇಟ್ಕೊರಿ. ಜೂನ್ ಕಡೀಗೆ ಹುಲ್ಲುಗಾವಲದಾಗ ಹೂವು ತುಂಬಿರ್ತಾವ, ಸೆಪ್ಟೆಂಬರದಾಗ ಗುಡುಗು ಮಳಿ ಕಡಿಮಿ. ಆಗಸ್ಟ್ ಬ್ಯಾಡೇ ಬ್ಯಾಡ್ರಿ. ಆಗಸ್ಟ್ 15 ಇಟಲಿಯವರ ದೊಡ್ಡ ರಜಾ, ಅದರ ಹಿಂದ ಮುಂದ ಇಡೀ ದೇಶ ಗುಡ್ಡದ ಕಡೆನ ಇರ್ತದ.

ಅಲ್ಟಾ ವಿಯಾ 1 ಈ ಸಲ ಬಿಡ್ರಿ. ಬ್ರಾಯೆಸ್ ಕೆರಿಯಿಂದ ಬೆಲ್ಲುನೊ ತನಕ ಸುಮಾರು 120 ಕಿಲೋಮೀಟರ್ ಹಾದಿ ಅದು. ಅದರಾಗ ತುಂಡು ಮಾಡಿ ನಡಿಯೂದು ಆಗ್ತದ ಖರೆ, ಆದ್ರ ನೀವು ಮೂರೂ ಮಂದಿ ಮ್ಯಾಲೆ ಮೂರು ರಾತ್ರಿ ಇದ್ರ ಅತ್ತಿಯವರು ಕೆಳಗ ಭಾಷಾ ಬರದ ಊರಾಗ ಒಬ್ಬರ ಕೂಡಬೇಕಾಗ್ತದ. ನಾಲ್ಕೂ ಮಂದಿಗೆ ಹೊಂದೂದು ಅಂದ್ರ ಎರಡು ಕಣಿವಿ, ಎರಡು ಮನಿ. ಮೊದಲ ಡೊಬ್ಬಿಯಾಕೊದಾಗ ಐದು ರಾತ್ರಿ, ಆಮ್ಯಾಲೆ ವಾಲ್ ಗಾರ್ಡೆನಾದ ಓರ್ಟಿಸೇದಾಗ ಐದು ರಾತ್ರಿ. ದಿನಾ ಗಂಟುಮೂಟೆ ಕಟ್ಟೂದು ತಪ್ತದ, ಒಂದು ದಿನ ಮಳಿ ಹಿಡಿದ್ರ ಮರುದಿವಸ ಅದ ಜಾಗಾಕ್ಕ ಹೋಗಬಹುದು. ಒಂದು ಮಾತು: ಅಲ್ಲಿ ಬೋರ್ಡಿನ ಮ್ಯಾಲೆ ಊರಿಗೆ ಇಟಾಲಿಯನ್, ಜರ್ಮನ್ ಎರಡೂ ಹೆಸರು ಇರ್ತಾವ, ಕೆಲವು ಕಡೆ ಅಲ್ಲಿನವರ ಲಾದಿನ್ ಭಾಷಾದ ಹೆಸರೂ ಇರ್ತದ. ಡೊಬ್ಬಿಯಾಕೊನ ಟೋಬ್ಲಾಖ್, ಬ್ರಾಯೆಸ್ ಕೆರಿನ ಪ್ರಾಗ್ಸರ್ ವಿಲ್ಡ್‌ಜೀ. ಎರಡೂ ಹೆಸರು ಬರಕೊಂಡು ಇಟ್ಕೊರಿ, ಇಲ್ಲಂದ್ರ ಬಸ್ಸು ಎದುರಿಗೆ ನಿಂತ್ರೂ ನಮ್ಮದಲ್ಲ ಅಂತ ಬಿಡ್ತೀರಿ.

ಬೆಂಗಳೂರಿಂದ ಮ್ಯೂನಿಕ್‌ಗೆ ವಿಮಾನ, ಅಲ್ಲಿಂದ ಇನ್ಸ್‌ಬ್ರುಕ್, ಬ್ರೆನ್ನರ್ ದಾಟಿ ಫೋರ್ಟೆಝಾಕ್ಕ ರೈಲು, ಅಲ್ಲಿ ಗಾಡಿ ಬದಲಿಸಿ ಡೊಬ್ಬಿಯಾಕೊ. ಈ ಮಾರ್ಗದಾಗ ರಿಪೇರಿ ಕೆಲಸ ನಡದಾಗ ರೈಲಿನ ಬದಲಿ ಬಸ್ ಬಿಡ್ತಾರ. ಹೊರಡೂಕಿಂತ ಒಂದು ವಾರ ಮೊದಲ ವೇಳಾಪಟ್ಟಿ ಮತ್ತೊಮ್ಮೆ ನೋಡ್ರಿ.

ಟ್ರೆ ಚಿಮೆ ದಿ ಲಾವಾರೆದೊ, ಅಂದ್ರ ಸಾಲಾಗಿ ನಿಂತ ಮೂರು ಶಿಖರ, ನಿಮ್ಮ ಪ್ರವಾಸದ ದೊಡ್ಡ ದಿವಸ. ನಡುವಿನ ಶಿಖರ 2,999 ಮೀಟರ್. ಡೊಬ್ಬಿಯಾಕೊದಿಂದ 444 ನಂಬರ್ ಬಸ್ಸು ಸೀದಾ 2,320 ಮೀಟರ್ ಎತ್ತರದಾಗಿರೋ ಔರೊಂಝೊ ರಿಫ್ಯೂಜಿಯೊ ತನಕ ಹೋಗ್ತದ. ಆ ಬಸ್ಸಿನ ಟಿಕೆಟ್ ಆನ್‌ಲೈನ್‌ದಾಗ ಮೊದಲ ತಗೊಬೇಕು. ಕಾರಿನವರಿಗೂ ಮ್ಯಾಲಿನ ಟೋಲ್ ರಸ್ತೆಕ್ಕ 2025ರಿಂದ ಆನ್‌ಲೈನ್ ಬುಕಿಂಗ್ ಬಂದದ. ಔರೊಂಝೊದಾಗ ಇಳಿದು ಮ್ಯಾಲೆ ನೋಡಿದ್ರ ಫೋಟೋದಾಗಿನ ಮೂರು ಗೋಡಿ ಕಾಣಂಗಿಲ್ಲ, ಯಾಕಂದ್ರ ನೀವು ನಿಂತದ್ದು ದಕ್ಷಿಣದ ಮಗ್ಗಲಾ. 101 ನಂಬರ್ ಹಾದಿ ಹಿಡಿದು ಲಾವಾರೆದೊ ರಿಫ್ಯೂಜಿಯೊ ತನಕ ಹೋಗ್ರಿ. ಅಗಲ ರಸ್ತೆ, ಹೆಚ್ಚು ಕಡಿಮಿ ಸಪಾಟ, ಅತ್ತಿಯವರು ಇಲ್ಲಿ ತನಕ ಬರಬಹುದು. ಅಲ್ಲಿಂದ 2,454 ಮೀಟರಿನ ಕಣಿವಿಬಾಗಲಿಗೆ ಸಣ್ಣ ಏರು. ಅದನ್ನ ದಾಟಿ ಹೊರಳಿ ನಿಂತ್ರ ಉತ್ತರದ ಮೂರೂ ಗೋಡಿ ಒಮ್ಮೆಲೆ ಕಾಣ್ತಾವ. ಮುಂದ ಲೊಕಾತೆಲ್ಲಿ ರಿಫ್ಯೂಜಿಯೊ, ಅಲ್ಲಿ ಉಂಡು 105 ನಂಬರ್ ಹಾದಿ ಹಿಡಿದು ಲಾಂಗಾಲ್ಮ್ ಮ್ಯಾಲೆ ಹಾಯ್ದು ವಾಪಸ್. ಒಟ್ಟು ಸುಮಾರು 10 ಕಿಲೋಮೀಟರ್, ನಿಂತು ಕುಂತು ಐದು ತಾಸು. 105ರಾಗ ಮದ್ಲ ಕೆಳಗ ಇಳಿಸಿ ಆಮ್ಯಾಲೆ ಮತ್ತ ಏರಸ್ತದ, ದಣದವರು ಅಲ್ಲೇ ಸೋಲ್ತಾರ. ಸಾಕಾಗಿದ್ರ ಬಂದ ಹಾದಿಲೆ ತಿರುಗ್ರಿ.

ಬ್ರಾಯೆಸ್ ಕೆರಿಗೆ ಮುಂಜಾನೆ ಎಂಟರ ಒಳಗ ಮುಟ್ರಿ. ಜುಲೈ, ಆಗಸ್ಟ್‌ದಾಗ ಹಗಲು ಹೊತ್ತು ಬುಕಿಂಗ್ ಇಲ್ಲದ ಗಾಡಿ ಒಳಗ ಬಿಡಂಗಿಲ್ಲ. ಕೆರಿಯ ಪಶ್ಚಿಮ ದಂಡಿ ಸಪಾಟ, ಪೂರ್ವದ ದಂಡಿಗೆ ಮೆಟ್ಟಲು ಅವ. ಅತ್ತಿಯವರನ್ನ ಪಶ್ಚಿಮದಾಗ ಕರಕೊಂಡು ಹೋಗಿ ಅದ ಹಾದಿಲೆ ತಿರುಗಿ ಬರ್ರಿ, ಪೂರಾ ಸುತ್ತು ಹಾಕಸಬ್ಯಾಡ್ರಿ.

ಗುಡ್ಡದ ಮ್ಯಾಲೆ ಒಂದು ರಾತ್ರಿ ಬೇಕ ಬೇಕು ಅಂದ್ರ ಲಗಝುವಾಯಿ ರಿಫ್ಯೂಜಿಯೊ ಆರಿಸ್ರಿ. 2,752 ಮೀಟರ್ ಎತ್ತರ ಇದ್ರೂ ಫಾಲ್ಝರೆಗೊ ಘಾಟಿನಿಂದ ಕೇಬಲ್ ಕಾರು ಅದ, ಹಿಂಗಾಗಿ ನಾಲ್ಕೂ ಮಂದಿ ಹೋಗಬಹುದು. ಸಂಜಿಗೆ ಕಟ್ಟಿ ಮ್ಯಾಲೆ ಕುಂತ್ರ ಎದುರಿಗೆ 3,343 ಮೀಟರಿನ ಮಾರ್ಮೊಲಾದಾ, ಸೂರ್ಯ ಇಳದಂಗ ಸುತ್ತಲಿನ ಕಲ್ಲೆಲ್ಲಾ ಗುಲಾಬಿ ಬಣ್ಣಕ್ಕ ತಿರಗ್ತದ. ಇದನ್ನ ಮೊದಲನೇ ಎರಡು ರಾತ್ರಿಯೊಳಗ ಇಡಬ್ಯಾಡ್ರಿ. ಕೆಳಗಿನಿಂದ ಒಮ್ಮೆಲೆ ಅಷ್ಟು ಎತ್ತರಕ್ಕ ಹೋಗಿ ಮಲಗಿದ್ರ ತಲಿ ನೋಯ್ತದ, ನಿದ್ದಿ ಹತ್ತಂಗಿಲ್ಲ. ಬಿ.ಪಿ. ಇದ್ದವರು ಡಾಕ್ಟರನ್ನ ಕೇಳಿನ ಹೋಗಬೇಕು. ಜಾಗಾ ಜನವರಿ-ಫೆಬ್ರುವರಿಯೊಳಗನ ಇಮೇಲ್ ಬರದು ಹಿಡೀರಿ.

ಓರ್ಟಿಸೇದಿಂದ ಸೆಚೆದಾ ಗುಡ್ಡಕ್ಕ ಒಂದು ದಿನ, ಆಲ್ಪೆ ದಿ ಸಿಯುಸಿ ಹುಲ್ಲುಗಾವಲಕ್ಕ ಒಂದು ದಿನ. ಎರಡನೇದು ಪೂರಾ ಅತ್ತಿಯವರ ದಿವಸ, ಬಂಡಿದಾರಿಯಂಥ ಹಾದಿ, ನಡುನಡುವೆ ಕೂಡಲಿಕ್ಕ ಬಾಕು. ಸೆಚೆದಾದಾಗ ಕಡೀ ಕೇಬಲ್ ಕಾರಿನ ಹೊತ್ತು ಮೊದಲ ನೋಡ್ರಿ. ಅದು ತಪ್ಪಿದ್ರ 1,200 ಮೀಟರಿಗಿಂತ ಹೆಚ್ಚು ಇಳಿಜಾರು ನಡಕೊಂಡ ಬರಬೇಕು, ಮರುದಿವಸ ಮೊಣಕಾಲು ಏಳಂಗಿಲ್ಲ.

ಕಪ್ಪತಗುಡ್ಡ, ಗದಗ

ಸಾಧನಕೇರಿಯವರು ಹಾದಿ ಹೇಳ್ಯಾರ, ನಾ ಕಾಲಿಂದು ಹೇಳ್ತೀನಿ. ಅಲ್ಲಿ ಮಂದಿ ಬೀಳೂದು ಏರೂ ಮುಂದ ಅಲ್ಲ, ಇಳಿಯೂ ಮುಂದ. ಡೋಲೋಮೈಟ್ ಅಂದ್ರ ಮ್ಯಾಗ್ನೀಸಿಯಂ ಕೂಡಿದ ಸುಣ್ಣದಕಲ್ಲಿನ ಜಾತಿ. 1791ರಾಗ ಡೊಲೊಮ್ಯೂ ಅನ್ನೋ ಫ್ರೆಂಚ್ ಭೂವಿಜ್ಞಾನಿ ಅದನ್ನ ವಿವರಿಸಿದ, ಹೆಸರೂ ಅವನದ. ಬಿರುಕಿನೊಳಗ ನೀರು ಹೊಕ್ಕು ರಾತ್ರಿ ಹೆಪ್ಪುಗಟ್ಟಿ ಕಲ್ಲನ್ನ ಸೀಳ್ತೈತಿ. ವರ್ಷಾ ವರ್ಷಾ ಉದುರಿದ ಚೂರು ಗೋಡಿ ಬುಡಕ್ಕ ಇಳಿಜಾರಾಗಿ ಬಿದ್ದಿರ್ತಾವ, ಹಾದಿ ಹಾಯೂದು ಅದರ ಮ್ಯಾಲೇನ. ಗಟ್ಟಿ ನೆಲದ ಮ್ಯಾಲೆ ಜೋಳ ಚೆಲ್ಲಿ ನಡದಂಗ, ಕಾಲು ಇಟ್ಟಲ್ಲೇ ಜರಿತೈತಿ. ಹಿಂದಕ್ಕ ವಾಲಿ ಹಿಮ್ಮಡಿ ಊರಿದ್ರ ಬಿದ್ದರಿ ಅಂತನ ತಿಳಿರಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಮೈಭಾರ ಮುಂದ ತಂದು, ಸಣ್ಣ ಹೆಜ್ಜಿ ಹಾಕಿ, ಅಂಗಾಲು ಪೂರಾ ಊರ್ರಿ. ಇಬ್ಬರಿಗೆ ಒಂದು ಜೋಡಿ ಅಂತ ಮಾಡಬ್ಯಾಡ್ರಿ, ನಡಿಯೋರಿಗೆ ಒಬ್ಬೊಬ್ಬರಿಗೂ ಎರಡೆರಡು ಕೋಲು ಬೇಕು. ಇಳಿಯೂ ಮುಂದ ಕೋಲಿನ ಉದ್ದ 5-10 ಸೆಂಟಿಮೀಟರ್ ಹೆಚ್ಚು ಮಾಡ್ಕೊರಿ.

ಬೂಟು ಹರಡು ಮುಚ್ಚೂವಂಥಾದ್ದು ಇರಲಿ, ಅಟ್ಟಿ ಆಳ ಗೀರಿಂದು. ದಪ್ಪ ಕಾಲುಚೀಲ ಹಾಕ್ಕೊಂಡು ಸಂಜಿ ಹೊತ್ತಿನ್ಯಾಗ ಅಂಗಡಿಗೆ ಹೋಗಿ ಅಳತಿ ನೋಡ್ರಿ, ಯಾಕಂದ್ರ ಸಂಜಿಗೆ ಪಾದ ಸ್ವಲ್ಪ ಉಬ್ಬಿರ್ತೈತಿ. ಲೇಸ್ ಬಿಗಿದು ಇಳಿಜಾರಿನ್ಯಾಗ ನಿಂತಾಗ ಬೆರಳ ತುದಿ ಮುಂದ ತಾಕಬಾರದು. ತಾಕಿದ್ರ ಒಂದ ಇಳಿತಕ್ಕ ಉಗುರು ಕಪ್ಪಾಗಿ ಏಳ್ತೈತಿ. ಹೊಸಾ ಬೂಟು ಹೊರಡೂಕಿಂತ ಎರಡು ತಿಂಗಳ ಮೊದಲ ತಗೊಂಡು ದಿನಾ ಹಾಕಿ ಪಳಗಿಸ್ರಿ.

ತಾಲೀಮಿಗೆ ನಿಮಗ ನೃಪತುಂಗ ಬೆಟ್ಟ ಹತ್ರನ ಐತಿ. ಒಮ್ಮೆ ಏರಿ ಮ್ಯಾಲೆ ಕುಂತು ಬಂದ್ರ ಅದು ತಾಲೀಮಲ್ಲ. ಬೆನ್ನಿಗೆ 5 ಕೆ.ಜಿ. ಚೀಲ ಹಾಕ್ಕೊಂಡು ಏರೂದು ಇಳಿಯೂದು ನಾಲ್ಕೈದು ಸಲ ಮಾಡ್ರಿ, ಇಳಿಯೂದನ್ನ ಸಾವಕಾಶ ಮಾಡ್ರಿ. ಇಳಿಯೂ ಮುಂದ ತೊಡಿ ಸ್ನಾಯು ಎಳಕೊಂತ ಭಾರ ತಡಿತೈತಿ, ನೋವು ಬರೂದು ಅದಕ್ಕ. ರೂಢಿ ಆದ್ರ ನೋವು ಕಡಿಮಿ. ತಿಂಗಳಿಗೆ ಒಂದೆರಡು ಸಲ ನಮ್ಮ ಕಪ್ಪತಗುಡ್ಡಕ್ಕ ಬರ್ರಿ, ಅಲ್ಲಿ ಸಡ್ಲ ಕಲ್ಲಿನ ಹಾದಿ ಸಿಗ್ತೈತಿ. ವನ್ಯಜೀವಿಧಾಮ ಅದು, ಅರಣ್ಯ ಇಲಾಖೆ ಪರವಾನಗಿ ತಗೊಂಡ ಹೋಗಬೇಕು.

ನೀರು ಕೆಳಗಿನಿಂದನ ಒಯ್ಯಿರಿ, ಒಬ್ಬರಿಗೆ 2 ಲೀಟರ್. ಈ ಕಲ್ಲು ಮಳಿನೀರನ್ನ ಬಿರುಕಿನೊಳಗ ಕುಡದ ಬಿಡ್ತೈತಿ, ಮ್ಯಾಲೆ ಹಳ್ಳ ಹರಿಯೂದು ಅಪರೂಪ. ರಿಫ್ಯೂಜಿಯೊದಾಗ ನಳದ ನೀರು ಬಹಳ ಕಡೆ ಕುಡಿಯಾಕ ಬರಂಗಿಲ್ಲ, ಬಾಟಲಿ ತಗೊಬೇಕು, ಅದು ದುಬಾರಿ.

ಈಗ ಎಲ್ಲಾಕ್ಕಿಂತ ಮಹತ್ವದ್ದು: ಮುಂಜಾನೆ ಏಳಕ್ಕ ಹೊರಡ್ರಿ, ಮಧ್ಯಾಹ್ನ ಒಂದು, ಭಾಳ ಅಂದ್ರ ಎರಡರೊಳಗ ಎತ್ತರದ ಜಾಗಾ ಬಿಟ್ಟಿರಬೇಕು. ಬಿಸಲಿಗೆ ಕಾದ ಕಲ್ಲಿನ ಗೋಡಿಗುಂಟ ಗಾಳಿ ಮ್ಯಾಲೇರಿ ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂಗ ಬೆಳೀತಾವ. ಹನ್ನೊಂದಕ್ಕ ಹೂಕೋಸಿನಂಥ ಮೋಡ ಎತ್ತರಕ್ಕ ಹೊಂಟಿದ್ದು ಕಂಡ್ರ ಮುಂದಿನ ಶಿಖರ ಬಿಟ್ಟು ತಿರುಗ್ರಿ. ಮಿಂಚು ಕಂಡು ಗುಡುಗು ಕೇಳೂ ತನಕ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದ್ರ ಎಷ್ಟು ಕಿಲೋಮೀಟರ್ ದೂರ ಐತಿ ಅನ್ನೂದು ತಿಳಿತೈತಿ. 30 ಸೆಕೆಂಡಿಗಿಂತ ಕಡಿಮಿ ಬಂದ್ರ ದಿಬ್ಬದ ನೆತ್ತಿ, ಒಂಟಿ ಗಿಡ, ಕಬ್ಬಿಣದ ತಂತಿ ಬಿಟ್ಟು ಕೆಳಗ ಸರೀರಿ. ಸಹಾಯಕ್ಕ 112. ಫೋನ್ ಹತ್ತದಿದ್ರ ನಿಮಿಷಕ್ಕ ಆರು ಸಲ ಸೀಟಿ ಇಲ್ಲಾ ಬ್ಯಾಟರಿ ಬೆಳಕು, ಒಂದು ನಿಮಿಷ ಬಿಟ್ಟು ಮತ್ತ ಆರು.

ಅರಿವಿ ವಿಷಯದಾಗ ಒಂದ ಮಾತು, ಹತ್ತಿ ಅಂಗಿ ಬ್ಯಾಡ. ಬೆವರಿಗೆ ತೊಯ್ದದ್ದು ಒಣಗಂಗಿಲ್ಲ, ಗಾಳಿ ಹೊಡದ ಕೂಡ್ಲೆ ಮೈ ನಡಗ್ತೈತಿ. ಜುಲೈದಾಗೂ ಮುಂಜಾನೆ 2,400 ಮೀಟರಿನ್ಯಾಗ 5-10 ಡಿಗ್ರಿ ಇರಬಹುದು.

ತಬಕ್ಕೊ ಕಂಪನಿಯ 1:25,000 ನಕಾಶೆ ತಗೋರಿ, ಟ್ರೆ ಚಿಮೆಗೆ 010, ವಾಲ್ ಗಾರ್ಡೆನಾಕ್ಕ 05. ಹಾದಿ ಗುರುತು ಕಲ್ಲಿನ ಮ್ಯಾಲೆ ಕೆಂಪು-ಬಿಳಿ ಬಣ್ಣ, ಜೊತಿಗೆ ನಂಬರ್. ಇಟಲಿಯವರ ದರ್ಜೆಯೊಳಗ ಟಿ, ಇ ಅಂತ ಬರದ ಹಾದಿ ನಿಮಗ ನಡಿತಾವ. ಇಇ ಅಂದ್ರ ಅನುಭವಿಗಳಿಗೆ, ಇಇಎ ಅಂದ್ರ ಸಲಕರಣಿ ಬೇಕು. ಬೋರ್ಡಿನ ಮ್ಯಾಲಿನ ಹೊತ್ತು ಎಲ್ಲೂ ನಿಲ್ಲದ ನಡಿಯೋರದ್ದು, ಅದಕ್ಕ ಅರ್ಧ ಕೂಡಿಸಿ ಲೆಕ್ಕಾ ಹಾಕ್ರಿ.

ಯಾಲಕ್ಕಿ ಹಾರ, ಹಾವೇರಿ

ಊಟದ್ದು ಮತ್ತ ವೀಸಾದ್ದು ನಾನು ಹೇಳ್ತೀನ್ರಿ.

ಎರಡೂ ಊರಾಗ ಹೋಟೆಲ್ ಬಿಟ್ಟು ಅಡಗಿಮನಿ ಇರೋ ಅಪಾರ್ಟ್‌ಮೆಂಟ್ ಹಿಡೀರಿ, ಬೇಕಾದಷ್ಟು ಸಿಗ್ತಾವ. ಇಂಡಕ್ಷನ್ ಒಲಿ ಇದ್ರ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕಾಯಂಗಿಲ್ಲ, ಇಂಡಕ್ಷನ್ ತಳದ ಸ್ಟೀಲಿಂದು ಒಯ್ಯಿರಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಬ್ಯಾಡಗಿ ಖಾರಪುಡಿ, ಹಚ್ಚಿದ ಅವಲಕ್ಕಿ ಇಷ್ಟು ಇದ್ರ ಗುಡ್ಡದ ಬುತ್ತಿ ಆತು. ರೊಟ್ಟಿ ಡಬ್ಬಿಯೊಳಗ ಇಡ್ರಿ, ಚೀಲದಾಗ ಪುಡಿ ಆಕ್ಕಾವ. ಧಾರವಾಡ ಪೇಡೆ, ಕುಂದಾ, ತುಪ್ಪ ಮಾತ್ರ ಕಟಗೊಳ್ಳಬ್ಯಾಡ್ರಿ. ಹೊರಗಿನ ದೇಶದ ಹಾಲಿನ ಮತ್ತ ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗ ಪ್ರಯಾಣಿಕರು ತರೂಹಂಗಿಲ್ಲ, ವಿಮಾನ ನಿಲ್ದಾಣದಾಗ ತಗದು ಹಾಕ್ತಾರ. ಕರಿಬೇವು, ಹಸಿ ಮೆಣಸಿನಕಾಯಿನೂ ಬ್ಯಾಡ.

ರಿಫ್ಯೂಜಿಯೊದಾಗ ತತ್ತಿ ಇಲ್ಲದ ಊಟ ಕೇಳೂದು ಸ್ವಲ್ಪ ತಾಳ್ಮಿ ಕೆಲಸ. ಕನೆದೆರ್ಲಿ ಅನ್ನೋ ಬ್ರೆಡ್ಡಿನ ಉಂಡಿಯೊಳಗ ತತ್ತಿ ಇರ್ತೈತಿ, ಬಹಳ ಸಲ ಸ್ಪೆಕ್ ಅನ್ನೋ ಹಂದಿ ಮಾಂಸನೂ ಇರ್ತೈತಿ. ಕೈಲೆ ಮಾಡಿದ ಹಸಿ ಪಾಸ್ತಾದಾಗ ತತ್ತಿ, ಒಣ ಸ್ಪಗೆಟ್ಟಿಯೊಳಗ ಸಾಮಾನ್ಯ ಇರಂಗಿಲ್ಲ. ತರಕಾರಿ ಸೂಪ್ ಅಂದ್ರೂ ಮಾಂಸದ ಸಾರಿನ್ಯಾಗ ಕುದಿಸಿರ್ತಾರ, ಕೇಳಿ ತಗೋರಿ. ನಂಬಿ ತಿನ್ನಾಕ ಬರೂದು ಟೊಮೆಟೊ ಸಾಸಿನ ಸ್ಪಗೆಟ್ಟಿ, ಅಣಬಿ ಹಾಕಿದ ಪೊಲೆಂಟಾ. ಪೊಲೆಂಟಾ ಅಂದ್ರ ಗೋವಿನಜೋಳದ ಹಿಟ್ಟಿನ ಗಟ್ಟಿ ಗಂಜಿ, ಖಾರಪುಡಿ ಉದುರಿಸಿದ್ರ ಅತ್ತಿಯವರಿಗೂ ಸೇರ್ತೈತಿ. ಪಾರ್ಮಿಜಾನೊ ಚೀಸ್ ಮಾಡಾಕ ಕರುವಿನ ಹೊಟ್ಟಿಯಿಂದ ತಗದ ರೆನೆಟ್ ಹಾಕ್ತಾರ, ಕಟ್ಟುನಿಟ್ಟಿನ ಶಾಕಾಹಾರಿಗಳು ಮ್ಯಾಲೆ ಉದುರಿಸಬ್ಯಾಡಂತ ಹೇಳಬೇಕು. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ವೋವಾ', ಅಂದ್ರ ಮಾಂಸ, ಮೀನು, ತತ್ತಿ ಇಲ್ಲದ. ಇಟಾಲಿಯನ್, ಜರ್ಮನ್ ಎರಡೂ ಭಾಷಾದಾಗ ಚೀಟಿ ಬರಸಿ ಇಟ್ಕೊರಿ, ಬುಕ್ ಮಾಡೂ ಇಮೇಲಿನ್ಯಾಗೂ ಹಾಕ್ರಿ. ರಾತ್ರಿ ಊಟ ಎಲ್ಲಾರಿಗೂ ಒಂದ ಹೊತ್ತಿಗೆ, ಸುಮಾರು ಏಳಕ್ಕ. ತಡಾ ಮಾಡಿ ಬಂದವರಿಗೆ ಬ್ಯಾರೆ ಮಾಡಿ ಕೊಡಂಗಿಲ್ಲ. ಬೂಟು ಬಾಗಲದಾಗ ಬಿಡಬೇಕು, ಹಾಸಿಗಿಗೆ ತೆಳ್ಳನ ಅರಿವಿ ಚೀಲ ನೀವ ಒಯ್ಯಬೇಕು, ನಗದು ಯೂರೊ ಕೈಯಾಗ ಇರಬೇಕು.

ವೀಸಾ: ಮ್ಯೂನಿಕ್‌ನ್ಯಾಗ ಇಳಿದ್ರೂ ಹೆಚ್ಚು ರಾತ್ರಿ ಇಟಲಿಯೊಳಗ ಇರೂದ್ರಿಂದ ಅರ್ಜಿ ಇಟಲಿಗೆ ಹಾಕಬೇಕು, ಜರ್ಮನಿಗಲ್ಲ. 2024ರ ಜೂನ್‌ದಿಂದ ಶುಲ್ಕ 90 ಯೂರೊ. 12 ವರ್ಷ ದಾಟಿದ ಮಗಳಿಗೂ ಅಷ್ಟ, ಬೆರಳಚ್ಚನ್ನೂ ಕೊಡಬೇಕು. ಆರು ತಿಂಗಳ ಮೊದಲಿನಿಂದ ಹಾಕಬಹುದು, ಜೂನಿಗೆ ಹೋಗೂದಾದ್ರ ಫೆಬ್ರುವರಿ-ಮಾರ್ಚದಾಗ ಬೆಂಗಳೂರಿನ ವಿಎಫ್‌ಎಸ್ (ವೀಸಾ ಅರ್ಜಿ ತಗೊಳ್ಳೋ ಕೇಂದ್ರ) ಅಪಾಯಿಂಟ್‌ಮೆಂಟ್ ಹಿಡೀರಿ. ರಾಣಿ ಚನ್ನಮ್ಮಾ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದ್ರ ಮುಂಜಾನೆ ಅಲ್ಲಿರ್ತೀರಿ, ಗಾಡಿ ತಡಾ ಆಗಬಹುದು, ಹಿಂಗಾಗಿ ಹನ್ನೊಂದರ ಮ್ಯಾಲಿನ ಹೊತ್ತು ಆರಿಸ್ರಿ. ಪಾಸ್‌ಪೋರ್ಟ್ ವಾಪಸ್ ಬರೂ ದಿನದಿಂದ ಇನ್ನೂ ಮೂರು ತಿಂಗಳ ನಡೀಬೇಕು, ಎರಡು ಖಾಲಿ ಹಾಳಿ ಇರಬೇಕು. ವಿಮೆ ಕಡಿಮಿ ಅಂದ್ರ 30,000 ಯೂರೊದ್ದು. ಅಗ್ಗದ ಪಾಲಿಸಿಯೊಳಗ ಚಾರಣ ಬಿಟ್ಟಿರ್ತಾರ, ಇಲ್ಲಾ ಇಂತಿಷ್ಟು ಮೀಟರ್ ತನಕ ಅಂತ ಬರದಿರ್ತಾರ. ಹೆಲಿಕಾಪ್ಟರ್ ರಕ್ಷಣೆ ಸೇರೇತೇನು ಅಂತ ಓದಿನ ರೊಕ್ಕಾ ಕಟ್ರಿ.

ಉಣಕಲ್ ಕೆರಿ ದಂಡಿ, ಹುಬ್ಬಳ್ಳಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಜೂನ್ ಕಡೀ ವಾರಕ್ಕ ಬದಲ ಮಾಡ್ತೀವಿ, ಅಲ್ಟಾ ವಿಯಾ ಬಿಟ್ಟೇವಿ. ಇನ್ನೆರಡು ಪ್ರಶ್ನೆ. ಅತ್ತಿಯವರ ಸಲುವಾಗಿ ಕಾರ್ ಬಾಡಿಗಿ ಹಿಡಿಯೂದು ಚಲೋ ಏನು? ಮಗಳು ವಿಯಾ ಫೆರಾಟಾ, ಅದ ತಂತಿ ಹಿಡಿದು ಗೋಡಿ ಏರೂದು, ಮಾಡಬೇಕಂತ ಹಟ ಹಿಡದಾಳ. ಬಿಡಬಹುದೇನು?

ಸಾಧನಕೇರಿ, ಧಾರವಾಡ

ಕಾರು ಬ್ಯಾಡ್ರಿ. ನೀವು ಉಳಕೊಳ್ಳೋ ಎರಡೂ ಊರು ಇರೋ ದಕ್ಷಿಣ ಟಿರೋಲ್ ಪ್ರಾಂತ್ಯದಾಗ ಬಹಳಷ್ಟು ಮನಿಯವರು ಉಳಕೊಂಡವರಿಗೆ ಗೆಸ್ಟ್ ಪಾಸ್ ಕೊಡ್ತಾರ, ಪ್ರಾಂತ್ಯದ ಬಸ್ಸು, ರೈಲು ಅದರಾಗ ಪುಕ್ಕಟೆ. ಬುಕ್ ಮಾಡೂ ಮುಂದ ಪಾಸ್ ಅದ ಏನು ಅಂತ ಕೇಳ್ರಿ. ಟ್ರೆ ಚಿಮೆಯ 444 ಬಸ್ಸಿಗೆ ಬ್ಯಾರೆ ಟಿಕೆಟ್. ಕೊರ್ಟಿನಾ, ಫಾಲ್ಝರೆಗೊ ಕಡೆ ಬ್ಯಾರೆ ಪ್ರಾಂತ್ಯ, ಅಲ್ಲೂ ಟಿಕೆಟ್ ತಗೊಬೇಕು. ಕಾರ್ ಹಿಡಿದ್ರೂ ಬ್ರಾಯೆಸ್, ಟ್ರೆ ಚಿಮೆ, ಆಲ್ಪೆ ದಿ ಸಿಯುಸಿ ಮೂರೂ ಕಡೆ ಹಗಲಿಗೆ ನಿರ್ಬಂಧ ಇರೂದ್ರಿಂದ ಬಾಡಿಗಿ ಕೊಟ್ಟ ಕಾರು ಮನಿ ಮುಂದನ ನಿಲ್ತದ. ಆದ್ರೂ ಬೇಕಂದ್ರ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಸ್ರಿ, ಆಟೊಮ್ಯಾಟಿಕ್ ಗಾಡಿ ಅಂತ ಮೊದಲ ಬರೀರಿ. ಬಲಗಡೆ ಓಡಸೂದು ಹೊಸದು, ಜೊತಿಗೆ ಘಾಟಿನ ಹೇರ್‌ಪಿನ್ ತಿರುವಿನ್ಯಾಗ ಎಡಗೈ ಬಿಟ್ಟು ಬಲಗೈಲೆ ಗೇರ್ ಹಾಕೂ ರೂಢಿ ಮಾಡ್ಕೊಳ್ಳೂದು ಕಷ್ಟ.

ಕಪ್ಪತಗುಡ್ಡ, ಗದಗ

ಫೆರಾಟಾಕ್ಕ ಪರವಾನಗಿ ಇದ್ದ ಗೈಡ್ ಜೊತಿಗಷ್ಟ ಬಿಡ್ರಿ. ಹೆಲ್ಮೆಟ್, ಸೊಂಟಕ್ಕ ಬಿಗಿಯೋ ಪಟ್ಟಿ ಅಂದ್ರ ಹಾರ್ನೆಸ್, ತಂತಿಗೆ ಸಿಗಿಸೂ ಎರಡು ಕೊಂಡಿ ಇರೋ ವೈ ಆಕಾರದ ಹಗ್ಗ ಅಂದ್ರ ಲ್ಯಾನ್ಯಾರ್ಡ್, ಮೂರೂ ಬೇಕು, ಊರಾಗ ಬಾಡಿಗಿಗೆ ಸಿಗ್ತಾವ. ಲ್ಯಾನ್ಯಾರ್ಡಿನ ಬುಡಕ್ಕ ಹೊಲಿದ ಪಟ್ಟಿಯ ಪೊಟ್ಟಣ ಇರ್ತೈತಿ. ಬಿದ್ದಾಗ ಅದರ ಹೊಲಿಗಿ ಹರಕೊಂತ ಜಗ್ಗನ್ನ ನುಂಗ್ತೈತಿ. ಅದಿಲ್ಲದ ಬರೇ ಹಗ್ಗ ಕಟಗೊಂಡ್ರ ಮೈಗೆ ಬರೂ ಜಗ್ಗು ಬೆನ್ನು ಮುರಿಯೂವಷ್ಟು ಇರ್ತೈತಿ, ಯಾಕಂದ್ರ ತಂತಿಯ ಕೆಳಗಿನ ಗೂಟದ ತನಕ ಜಾರಿನ ನೀವು ನಿಲ್ಲೂದು. ಈಗಿನ ಸೆಟ್ 40ರಿಂದ 120 ಕೆ.ಜಿ. ತೂಕದವರಿಗೆ ಮಾಡಿದ್ದು. ಮಗಳ ತೂಕ 40ರ ಕೆಳಗ ಇದ್ರ ಆ ಹೊಲಿಗಿ ಬಿಚ್ಚದನ ಉಳೀಬಹುದು, ಗೈಡ್ ಬ್ಯಾರೆ ಹಗ್ಗದಿಂದ ಹಿಡೀಬೇಕಾಕ್ಕೈತಿ. ಗೂಟ ದಾಟೂ ಮುಂದ ಒಂದು ಕೊಂಡಿ ತಗದು ಆಚೆ ಹಾಕಿದ ಮ್ಯಾಲೆ ಎರಡನೇದು. ಎರಡೂ ಒಮ್ಮೆಲೆ ಕೈಗೆ ಬರಬಾರದು.

ಮಗಳಿಗೆ ಇನ್ನೊಂದು ಚಲೋದು ಐತಿ. ಲಗಝುವಾಯಿಯಾಗ ಉಳದ ಮರುದಿವಸ ಮುಂಜಾನೆ ಅತ್ತಿಯವರು ಒಬ್ಬರ ಜೊತಿಗೆ ಕೇಬಲ್ ಕಾರಿನ್ಯಾಗ ಇಳೀಲಿ, ಉಳಿದಿಬ್ಬರು ಸುರಂಗದಾಗ ಇಳೀರಿ. ಮೊದಲನೇ ಮಹಾಯುದ್ಧದಾಗ, 1915ರಿಂದ 1917ರ ತನಕ, ಇಟಲಿ ಮತ್ತ ಆಸ್ಟ್ರಿಯಾ ಸೈನಿಕರು ಈ ಗುಡ್ಡಾ ಕೊರದು ಒಬ್ಬರ ಕೆಳಗ ಒಬ್ಬರು ಮದ್ದು ಇಟ್ಟು ಸಿಡಿಸಿದ್ರು. ಅದ ಸುರಂಗ ಈಗ ನಡಿಯಾಕ ಬಿಟ್ಟಾರ. ಮೆಟ್ಟಲು ಕಡಿದು, ಒಳಗ ಕತ್ತಲಿ, ಕಲ್ಲು ಒದ್ದಿ. ಹೆಲ್ಮೆಟ್, ಹಣಿಗೆ ಕಟ್ಟೂ ಬ್ಯಾಟರಿ, ಕೈಗವಸು ಬೇಕೇ ಬೇಕು, ಫೋನಿನ ಬೆಳಕು ನಡಿಯಂಗಿಲ್ಲ, ಯಾಕಂದ್ರ ಎರಡೂ ಕೈ ತಂತಿ ಹಿಡಿಯಾಕ ಖಾಲಿ ಇರಬೇಕು. ಸುಮಾರು ಎರಡು ತಾಸಿಗೆ ಫಾಲ್ಝರೆಗೊ ಮುಟ್ತೀರಿ. ಜೂನ್ ಕಡೀಗೆ ಹೊರಗಿನ ಹಾದಿಯೊಳಗ ಹಿಮದ ತುಂಡು ಉಳದಿದ್ರ ಸುರಂಗ ತಗದಿರಂಗಿಲ್ಲ, ಹಿಂದಿನ ರಾತ್ರಿ ಊಟಕ್ಕ ಕುಂತಾಗ ರಿಫ್ಯೂಜಿಯೊದವರನ್ನ ಕೇಳ್ರಿ.